ರೋಗಿಯ ಲೆಡ್ಜರ್ ಬರೆದ ವೈದ್ಯ: ಎಮಿಲ್ ಕ್ರೆಪೆಲಿನ್

ಬೆಳಿಗ್ಗೆ ನಗುತ್ತಿದ್ದ ಗೆಳೆಯ ಮಧ್ಯಾಹ್ನ ಮುಖ ಊದಿಸಿಕೊಂಡರೆ ಅವನನ್ನು ಬೈಪೋಲಾರ್ ಎಂದು ಕರೆಯುವುದು ಈಗ ತರಗತಿಗಳಲ್ಲಿ ರೂಢಿಯಾಗಿದೆ. ಆದರೆ ಆ ಹೆಸರಿನ ಕಾಯಿಲೆ ಮಧ್ಯಾಹ್ನದೊಳಗೆ ಬಂದು ಹೋಗುವಂಥದ್ದಲ್ಲ. ಅದರಲ್ಲಿ ಕೆಲವು ವಾರ ಅಥವಾ ಕೆಲವು ತಿಂಗಳು ಮನುಷ್ಯನಿಗೆ ನಿದ್ದೆಯೇ ಬೇಡವಾಗುತ್ತದೆ. ಮಾತು ನಿಲ್ಲುವುದಿಲ್ಲ. ಕೈಯಲ್ಲಿಲ್ಲದ ಹಣವನ್ನೂ ಖರ್ಚು ಮಾಡುತ್ತಾನೆ. ತನ್ನಿಂದ ಆಗದ್ದು ಯಾವುದೂ ಇಲ್ಲ ಎಂದುಕೊಳ್ಳುತ್ತಾನೆ. ಇದು ಉನ್ಮಾದ. ಇನ್ನು ಕೆಲವು ತಿಂಗಳು ಅದೇ ಮನುಷ್ಯ ಹಾಸಿಗೆಯಿಂದ ಏಳಲಾರ. ಊಟ ಸೇರುವುದಿಲ್ಲ, ಯಾರ ಮುಖವೂ ಬೇಡ, ಬದುಕೇ ಬೇಡ ಎನಿಸುತ್ತದೆ. ಇದು ಖಿನ್ನತೆ. ಇವೆರಡರ ನಡುವೆ ಎಷ್ಟೋ ಸಲ ವರ್ಷಗಟ್ಟಲೆ ಅವನು ನಮ್ಮ ನಿಮ್ಮಂತೆಯೇ ಕೆಲಸ ಮಾಡಿಕೊಂಡು, ಮನೆ ನೋಡಿಕೊಂಡು ಇರುತ್ತಾನೆ.

ಈ ಎರಡು ಸ್ಥಿತಿಗಳು ಹಿಂದಿನವರಿಗೂ ಗೊತ್ತಿದ್ದವು. ಯುನಾನಿ ಹಕೀಮರ ಪುಸ್ತಕಗಳಲ್ಲಿ ಖಿನ್ನತೆಗೆ ಮಾಲಿಖೂಲಿಯಾ ಎಂಬ ಹೆಸರಿದೆ. ನಮ್ಮಂಥ ಉರ್ದು ಮನೆಗಳಲ್ಲಿ ಹಿರಿಯರ ಬಾಯಲ್ಲಿ ಜುನೂನ್ ಎಂಬ ಮಾತು ಇನ್ನೂ ಇದೆ. 1854ರಲ್ಲಿ ಪ್ಯಾರಿಸ್‌ನ ಫಾಲ್ರೆ ಮತ್ತು ಬೈಯಾರ್ಜೆ ಎಂಬ ಇಬ್ಬರು ವೈದ್ಯರು, ಒಬ್ಬನೇ ರೋಗಿಯಲ್ಲಿ ಎರಡೂ ಒಂದರ ಹಿಂದೆ ಒಂದು ಸುತ್ತಿ ಬರುವುದುಂಟು ಎಂದು ಬೇರೆ ಬೇರೆಯಾಗಿ ಬರೆದರು. ಇವೆಲ್ಲ ಒಂದೇ ಕಾಯಿಲೆಯ ಮುಖಗಳು ಎಂದು ವರ್ಷಗಳ ದಾಖಲೆ ಇಟ್ಟು ತೋರಿಸಿದವರು ಜರ್ಮನಿಯ ಎಮಿಲ್ ಕ್ರೆಪೆಲಿನ್. ಇದು ಮನೆತನದಲ್ಲಿ ಹರಿದು ಬರುತ್ತದೆಯೇ ಎಂಬ ಪ್ರಶ್ನೆಗೆ ಸಂಶೋಧನಾ ಸಂಸ್ಥೆಯಲ್ಲಿ ಒಂದು ವಿಭಾಗವನ್ನೇ ಮಾಡಿಕೊಟ್ಟವರೂ ಅವರೇ. ಸಿಗ್ಮಂಡ್ ಫ್ರಾಯ್ಡ್ ಹುಟ್ಟಿದ ವರ್ಷವೇ ಹುಟ್ಟಿದ ಇವರ ಹೆಸರು ಫ್ರಾಯ್ಡ್ ಹೆಸರಿನಷ್ಟು ಪ್ರಸಿದ್ಧವಲ್ಲ. ಆದರೂ ಇಂದು ಯಾವುದೇ ಊರಿನ ಮನೋವೈದ್ಯರು ಕಾಯಿಲೆಗೆ ಹೆಸರು ಬರೆಯುವಾಗ ಹಿಡಿಯುವ ದಾರಿ ಬಹುಮಟ್ಟಿಗೆ ಕ್ರೆಪೆಲಿನ್ ಹಾಕಿದ್ದು.

ಕಾಮರ್ಸ್ ವಿದ್ಯಾರ್ಥಿ ವೈದ್ಯರ ಬಗ್ಗೆ ಏಕೆ ಬರೆಯಬೇಕು ಎಂದು ಯಾರಾದರೂ ಕೇಳಬಹುದು. ಕ್ರೆಪೆಲಿನ್ ಅವರ ವಿದ್ಯೆ ಮುಖ್ಯವಾಗಿ ಲೆಕ್ಕ ಇಡುವ ವಿದ್ಯೆ. ಅವರ ಹಿರಿಮೆಯೂ ಅದರಲ್ಲಿದೆ, ಅವರ ನಂತರ ನಡೆದ ಅನಾಹುತದ ಮೂಲವೂ ಅದರ ಹತ್ತಿರದಲ್ಲೇ ಇದೆ. ಅದಕ್ಕೇ ಈ ಬರಹ.

ಎಮಿಲ್ ಕ್ರೆಪೆಲಿನ್ 1856ರ ಫೆಬ್ರವರಿ 15ರಂದು ಉತ್ತರ ಜರ್ಮನಿಯ ನಾಯ್‌ಸ್ಟ್ರೆಲಿಟ್ಸ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದರು. ತಂದೆ ರಂಗಭೂಮಿಯ ಗಾಯಕರಾಗಿದ್ದವರು. ಅಣ್ಣ ಕಾರ್ಲ್ ಗಿಡ, ಪ್ರಾಣಿಗಳನ್ನು ಅಭ್ಯಾಸ ಮಾಡುವ ವಿಜ್ಞಾನಿ. ಮುಂದೆ ಹ್ಯಾಂಬರ್ಗ್‌ನ ಪ್ರಕೃತಿ ವಿಜ್ಞಾನ ಸಂಗ್ರಹಾಲಯದ ಮುಖ್ಯಸ್ಥರಾದವರು. ಗಿಡಗಳನ್ನು ಗುರುತಿಸಿ ಜಾತಿ ಜಾತಿಯಾಗಿ ವಿಂಗಡಿಸುವ ಅಭ್ಯಾಸ ತಮ್ಮನಿಗೂ ಬಂತು. ಲೈಪ್‌ಜಿಗ್ ಮತ್ತು ವುರ್ಟ್ಸ್‌ಬರ್ಗ್ ವಿಶ್ವವಿದ್ಯಾಲಯಗಳಲ್ಲಿ ವೈದ್ಯಕೀಯ ಓದಿ 1878ರಲ್ಲಿ ಪದವಿ ಪಡೆದರು. ಲೈಪ್‌ಜಿಗ್‌ನಲ್ಲಿ ಅವರಿಗೆ ಸಿಕ್ಕ ಗುರು ವಿಲ್ಹೆಲ್ಮ್ ವುಂಟ್. ಮನಸ್ಸನ್ನೂ ಪ್ರಯೋಗಾಲಯದಲ್ಲಿ ಅಳೆಯಬಹುದು ಎಂದು ತೋರಿಸಿಕೊಟ್ಟ ಮನಶ್ಶಾಸ್ತ್ರಜ್ಞ ಅವರು.

ಪದವಿಯ ನಂತರ ಕ್ರೆಪೆಲಿನ್ ಮ್ಯೂನಿಕ್ ನಗರದ ಹುಚ್ಚಾಸ್ಪತ್ರೆಯಲ್ಲಿ ಬರ್ನ್‌ಹಾರ್ಡ್ ಫಾನ್ ಗುಡ್ಡೆನ್ ಎಂಬ ಹೆಸರಾಂತ ವೈದ್ಯರ ಕೈಕೆಳಗೆ ಕೆಲಸಕ್ಕೆ ಸೇರಿದರು. ಆ ಕಾಲದ ಮನೋವೈದ್ಯರಿಗೆ ಸೂಕ್ಷ್ಮದರ್ಶಕವೇ ಎಲ್ಲ. ಸತ್ತ ರೋಗಿಯ ಮಿದುಳನ್ನು ಕೊಯ್ದು ನೋಡಿದರೆ ಹುಚ್ಚಿನ ಕಾರಣ ಸಿಕ್ಕೀತು ಎಂಬ ಆಸೆ. ಕ್ರೆಪೆಲಿನ್ ಅವರಿಗೆ ಕಣ್ಣಿನ ತೊಂದರೆಯಿತ್ತು, ಆ ಕೆಲಸ ಅವರಿಗೆ ಒಗ್ಗಲಿಲ್ಲ. ಸತ್ತವರ ಮಿದುಳಿನ ಬದಲು ಬದುಕಿರುವ ರೋಗಿಗಳನ್ನು ನೋಡುವ ಕಡೆ ಅವರ ಮನಸ್ಸು ತಿರುಗಿತು.

ಗುರು ಗುಡ್ಡೆನ್ ಅವರ ಕಥೆ ದುಃಖದಲ್ಲಿ ಮುಗಿಯಿತು. ಬವೇರಿಯಾದ ರಾಜ ಎರಡನೆಯ ಲುಡ್ವಿಗ್‌ಗೆ ಹುಚ್ಚು ಹಿಡಿದಿದೆ ಎಂದು 1886ರಲ್ಲಿ ಗುಡ್ಡೆನ್ ಮತ್ತು ಇತರ ವೈದ್ಯರು ವರದಿ ಬರೆದರು. ರಾಜನನ್ನು ಎದುರಿಗೆ ಕೂರಿಸಿ ಪರೀಕ್ಷೆ ಮಾಡಿರಲಿಲ್ಲ. ಅವನ ತಮ್ಮ ಓಟೋ ಆಗಲೇ ಮನೋರೋಗಿಯಾಗಿದ್ದ. ಜೂನ್ 13ರ ಸಂಜೆ ರಾಜನೂ ವೈದ್ಯರೂ ಕೆರೆಯ ದಂಡೆಯಲ್ಲಿ ತಿರುಗಾಡಲು ಹೋದರು. ರಾತ್ರಿ ಇಬ್ಬರ ಶವಗಳೂ ನೀರಿನಲ್ಲಿ ಸಿಕ್ಕವು. ಏನು ನಡೆಯಿತೆಂಬ ಚರ್ಚೆ ಇವತ್ತಿಗೂ ಮುಗಿದಿಲ್ಲ. ಕ್ರೆಪೆಲಿನ್ ಆ ಹೊತ್ತಿಗೆ ಅಲ್ಲಿಂದ ಹೋಗಿಯಾಗಿತ್ತು.

ಆರಂಭದ ವರ್ಷಗಳು ಅವರಿಗೆ ಸುಲಭವಾಗಿರಲಿಲ್ಲ. ಲೈಪ್‌ಜಿಗ್‌ನಲ್ಲಿ ಸಿಕ್ಕಿದ್ದ ಕೆಲಸ ಕೆಲವೇ ತಿಂಗಳಲ್ಲಿ ಹೋಯಿತು. ಮದುವೆ ನಿಶ್ಚಯವಾಗಿತ್ತು, ಕೈಯಲ್ಲಿ ಹಣವಿರಲಿಲ್ಲ. ವುಂಟ್ ಅವರ ಸಲಹೆಯಂತೆ ಒಂದು ಸಣ್ಣ ಪಠ್ಯಪುಸ್ತಕ ಬರೆದರು. 1883ರಲ್ಲಿ ಅದು ಅಚ್ಚಾದಾಗ ಅವರಿಗೆ 27 ವರ್ಷ. ಸಂಪಾದನೆಗಾಗಿ ಬರೆದ ಆ ಪುಸ್ತಕವನ್ನು ಅವರು ಬದುಕಿರುವವರೆಗೂ ತಿದ್ದುತ್ತಲೇ ಇದ್ದರು. ಎಂಟನೆಯ ಆವೃತ್ತಿಯ ಹೊತ್ತಿಗೆ ಅದು ನಾಲ್ಕು ದಪ್ಪ ಸಂಪುಟಗಳಾಗಿ ಬೆಳೆದಿತ್ತು. ಪ್ರತಿ ಆವೃತ್ತಿಯಲ್ಲೂ ಹಿಂದಿನದರಲ್ಲಿ ತಾವೇ ಬರೆದದ್ದನ್ನು ಬದಲಾಯಿಸಿದ್ದಾರೆ. ಹೊಸ ಲೆಕ್ಕ ಹಳೆಯದಕ್ಕೆ ತಾಳೆಯಾಗದಿದ್ದರೆ ಹಳೆಯದನ್ನು ಬಿಡಲು ಅವರು ಹಿಂಜರಿಯಲಿಲ್ಲ.

1886ರಲ್ಲಿ, 30ನೆಯ ವಯಸ್ಸಿಗೆ, ಡೋರ್ಪಾಟ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಆಗ ರಷ್ಯಾದ ಆಡಳಿತದಲ್ಲಿದ್ದ ಆ ಊರು ಈಗ ಎಸ್ಟೋನಿಯಾ ದೇಶದ ಟಾರ್ಟು. ಅಲ್ಲಿ ಅವರಿಗೆ ವಿಚಿತ್ರ ಕಷ್ಟ ಎದುರಾಯಿತು. ಪಾಠ ಜರ್ಮನ್ ಭಾಷೆಯಲ್ಲಿ, ರೋಗಿಗಳಲ್ಲಿ ಹೆಚ್ಚಿನವರು ಆಡುವುದು ಎಸ್ಟೋನಿಯನ್ ಮತ್ತಿತರ ಭಾಷೆ. ಮಾತು ತಿಳಿಯಲು ದುಭಾಷಿ ಬೇಕಿತ್ತು. ಬ್ಯಾರಿ, ಉರ್ದು, ತುಳು, ತಮಿಳು ಎಲ್ಲ ಒಂದೇ ಎಸ್ಟೇಟಿನಲ್ಲಿ ಕೇಳುವ ನಮ್ಮ ಮೂಡಿಗೆರೆ, ಕಳಸದ ಕಡೆಯವರಿಗೆ ಈ ಕಷ್ಟ ಅರ್ಥವಾಗುತ್ತದೆ. ರೋಗಿ ಹೇಳುವ ಮಾತಿನ ಮೇಲೆ ಪೂರ್ತಿ ನೆಚ್ಚಿಕೊಳ್ಳಲಾಗದ ವೈದ್ಯರಿಗೆ ಅವನ ನಡೆ, ಚಹರೆ, ತಿಂಗಳಿಂದ ತಿಂಗಳಿಗೆ ಆದ ಬದಲಾವಣೆಗಳೇ ಮುಖ್ಯವಾಗಿ ಕಾಣತೊಡಗಿದವು.

ನಮ್ಮ ಕಾಫಿ ಸೀಮೆಯವರಿಗೆ ಇಷ್ಟವಾಗುವ ಒಂದು ಸಂಗತಿಯೂ ಇವರ ಬದುಕಿನಲ್ಲಿದೆ. ಚಹಾ, ಕಾಫಿಯಲ್ಲಿರುವ ಕೆಫೀನ್ ಮತ್ತು ಮದ್ಯ ಮನಸ್ಸಿನ ಕೆಲಸವನ್ನು ಹೇಗೆ ಬದಲಿಸುತ್ತವೆ ಎಂದು ಅವರು ಪ್ರಯೋಗ ಮಾಡಿ 1892ರಲ್ಲಿ ಪುಸ್ತಕ ಪ್ರಕಟಿಸಿದರು. ಒಂದಂಕಿ ಸಂಖ್ಯೆಗಳನ್ನು ಸಾಲಾಗಿ ಕೂಡುತ್ತಾ ಹೋಗುವುದು ಅವರ ಒಂದು ಪರೀಕ್ಷೆ. ಎಷ್ಟು ಬೇಗ ಕೂಡುತ್ತಾರೆ, ಯಾವಾಗ ದಣಿಯುತ್ತಾರೆ, ವಿಶ್ರಾಂತಿಯ ನಂತರ ಏನಾಗುತ್ತದೆ ಎಂದು ನಕ್ಷೆ ಬರೆಯುತ್ತಿದ್ದರು. ಕೆಫೀನ್ ಮನಸ್ಸಿನ ಕೆಲಸವನ್ನು ಚುರುಕು ಮಾಡುತ್ತದೆ ಎಂದು ಕಂಡಿತು. ಮದ್ಯ ಕುಡಿದವನು ತಾನು ಚುರುಕಾಗಿದ್ದೇನೆ ಎಂದುಕೊಳ್ಳುತ್ತಾನೆ, ಆದರೆ ಹಾಳೆಯ ಮೇಲಿನ ಲೆಕ್ಕ ಕೆಟ್ಟಿರುತ್ತದೆ. ಕ್ರೆಪೆಲಿನ್ ತಾವೂ ಮದ್ಯ ಬಿಟ್ಟರು. ಬಿಯರ್‌ಗೆ ಹೆಸರಾದ ಮ್ಯೂನಿಕ್‌ನಲ್ಲಿ ತಮ್ಮ ಆಸ್ಪತ್ರೆಯ ರೋಗಿಗಳಿಗೆ ನಿಂಬೆ ಪಾನಕ ಕೊಡಿಸಿದರು, ಜನ ಅದಕ್ಕೆ ಅವರ ಹೆಸರನ್ನೇ ಇಟ್ಟು ತಮಾಷೆ ಮಾಡಿದರು. ಆ ಕೂಡುವ ಪರೀಕ್ಷೆಯನ್ನು ಜಪಾನಿನ ಉಚಿದಾ ಎಂಬವರು ಮುಂದೆ ಬೆಳೆಸಿದರು. ಉಚಿದಾ ಕ್ರೆಪೆಲಿನ್ ಪರೀಕ್ಷೆ ಎಂಬ ಹೆಸರಿನಲ್ಲಿ ಅಲ್ಲಿನ ಕಂಪನಿಗಳು ಕೆಲಸಗಾರರ ಆಯ್ಕೆಗೆ ಅದನ್ನು ಬಳಸಿವೆ.

1891ರಲ್ಲಿ ಅವರು ಹೈಡೆಲ್‌ಬರ್ಗ್‌ಗೆ ಬಂದರು. ಅವರ ದೊಡ್ಡ ಕೆಲಸ ನಡೆದದ್ದು ಇಲ್ಲಿ. ಆಸ್ಪತ್ರೆಗೆ ಸೇರುವ ಪ್ರತಿ ರೋಗಿಗೂ ಒಂದು ಕಾರ್ಡ್. ಅದರಲ್ಲಿ ವಯಸ್ಸು, ಕಾಯಿಲೆ ಶುರುವಾದ ರೀತಿ, ಲಕ್ಷಣಗಳು, ಕುಟುಂಬದಲ್ಲಿ ಬೇರೆ ಯಾರಿಗಾದರೂ ಇದೆಯೇ ಎಂಬ ವಿವರ. ಮೊದಲ ಪರೀಕ್ಷೆಯಾದ ಮೇಲೆ ವೈದ್ಯರು ತಮಗೆ ತೋಚಿದ ಕಾಯಿಲೆಯ ಹೆಸರನ್ನು ಚೀಟಿಯಲ್ಲಿ ಬರೆದು ಒಂದು ಪೆಟ್ಟಿಗೆಗೆ ಹಾಕಬೇಕು. ಕೆಲವು ಕಾಲದ ನಂತರ ಚೀಟಿ ತೆಗೆದು, ಆ ದಿನ ಅಂದುಕೊಂಡದ್ದು ನಿಜವಾಯಿತೇ ಎಂದು ನೋಡಬೇಕು. ರೋಗಿ ಮನೆಗೆ ಹೋದರೂ ಕಾರ್ಡ್ ಮುಚ್ಚುತ್ತಿರಲಿಲ್ಲ. ವರ್ಷಗಳ ನಂತರ ಅವನು ಹೇಗಿದ್ದಾನೆ ಎಂದು ವಿಚಾರಿಸಿ ಅದೇ ಕಾರ್ಡಿನಲ್ಲಿ ಸೇರಿಸುತ್ತಿದ್ದರು. ರಜೆಯಲ್ಲೂ ಕಾರ್ಡುಗಳ ಕಟ್ಟು ಅವರ ಜೊತೆ ಹೋಗುತ್ತಿತ್ತು. ಮತ್ತೆ ಮತ್ತೆ ಹರಡಿ, ಗುಂಪು ಮಾಡಿ, ಗುಂಪು ಒಡೆದು ನೋಡುತ್ತಿದ್ದರು.

ನಾವು ಅಕೌಂಟೆನ್ಸಿಯಲ್ಲಿ ಕಲಿಯುವ ಮಾತೇ ಇದು. ಬ್ಯಾಲೆನ್ಸ್ ಶೀಟ್ ಒಂದು ದಿನದ ಚಿತ್ರ. ಮಾರ್ಚ್ 31ರಂದು ಅಂಗಡಿ ಹೇಗಿತ್ತು ಎಂಬುದನ್ನಷ್ಟೇ ಅದು ಹೇಳುತ್ತದೆ. ವರ್ಷವಿಡೀ ಏನು ಬಂತು, ಏನು ಹೋಯಿತು ಎಂದು ತಿಳಿಯಲು ಲೆಡ್ಜರ್ ತೆರೆಯಬೇಕು. ಎಸ್ಟೇಟಿನಲ್ಲಿ ಒಬ್ಬ ಆಳು ಹೇಗೆ ಎಂದು ತಿಳಿಯಬೇಕಾದರೂ ಒಂದು ದಿನ ನೋಡಿದರೆ ಸಾಲದು, ಚೆಕ್‌ರೋಲ್ ನೋಡಬೇಕು. ಅಲ್ಲಿಯವರೆಗೆ ವೈದ್ಯರು ರೋಗಿ ಬಂದ ದಿನದ ಸ್ಥಿತಿಯನ್ನು ನೋಡಿ, ನಗುತ್ತಿದ್ದರೆ ಒಂದು ಕಾಯಿಲೆ, ಅಳುತ್ತಿದ್ದರೆ ಮತ್ತೊಂದು ಕಾಯಿಲೆ ಎಂದು ಬರೆಯುತ್ತಿದ್ದರು. ಹೀಗೆ ಒಬ್ಬನಿಗೇ ನಾಲ್ಕು ಸಲ ನಾಲ್ಕು ಹೆಸರು ಬೀಳುತ್ತಿತ್ತು. ಕ್ರೆಪೆಲಿನ್ ಲೆಡ್ಜರ್ ತೆರೆದರು.

ಅದರ ಫಲ 1899ರಲ್ಲಿ ಬಂದ ಆರನೆಯ ಆವೃತ್ತಿ. ಅದರಲ್ಲಿ ಅವರು ದೊಡ್ಡ ಮನೋರೋಗಗಳನ್ನು ಮುಖ್ಯವಾಗಿ ಎರಡಾಗಿ ವಿಂಗಡಿಸಿದರು. ಒಂದರಲ್ಲಿ ರೋಗಿಯ ಬುದ್ಧಿ, ಭಾವನೆಗಳು ಕ್ರಮೇಣ ಕುಂದುತ್ತಾ ಹೋಗುತ್ತವೆ ಎಂದರು. ಅದಕ್ಕೆ ಈಗ ಸ್ಕಿಜೋಫ್ರೇನಿಯಾ ಎಂಬ ಹೆಸರಿದೆ, ಎಲ್ಲರೂ ಅವರು ಹೇಳಿದಂತೆ ಕುಂದುವುದಿಲ್ಲ ಎಂದೂ ಈಗ ಗೊತ್ತಾಗಿದೆ. ಎರಡನೆಯದಕ್ಕೆ ಉನ್ಮಾದ ಖಿನ್ನತೆಯ ಕಾಯಿಲೆ ಎಂದು ಹೆಸರಿಟ್ಟರು. ಇದು ಬರುತ್ತದೆ, ಹೋಗುತ್ತದೆ, ಮತ್ತೆ ಬರಬಹುದು. ಆದರೆ ಪ್ರತಿ ಸಲವೂ ರೋಗಿ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತಾನೆ. ಮನೆಯವರಿಗೆ ಇದು ದೊಡ್ಡ ಮಾತು. ಕಟ್ಟಿಹಾಕಿದ ಮಗನನ್ನು ಆಸ್ಪತ್ರೆಗೆ ತಂದ ತಾಯಿಗೆ ಬೇಕಾದ ಉತ್ತರ ಒಂದೇ, ನನ್ನ ಮಗ ಮೊದಲಿನಂತೆ ಆಗುತ್ತಾನೆಯೇ ಎಂಬುದು. ಔಷಧಿ ಏನೂ ಇಲ್ಲದ ಆ ಕಾಲದಲ್ಲಿ, ಈ ಸಲದ್ದು ಇಳಿಯುತ್ತದೆ, ಕಾಯಿರಿ ಎಂದು ಆಧಾರವಿಟ್ಟು ಹೇಳಲು ವೈದ್ಯರಿಗೆ ಸಾಧ್ಯವಾಯಿತು.

1903ರಲ್ಲಿ ಕ್ರೆಪೆಲಿನ್ ಮ್ಯೂನಿಕ್‌ಗೆ ಪ್ರಾಧ್ಯಾಪಕರಾಗಿ ಮರಳಿದರು. ಅವರ ಜೊತೆ ಕೆಲಸ ಮಾಡಿದವರಲ್ಲಿ ಅಲೋಯಿಸ್ ಆಲ್‌ಝೈಮರ್ ಕೂಡ ಒಬ್ಬರು. ಮರೆವಿನ ಕಾಯಿಲೆಗೆ ಆಲ್‌ಝೈಮರ್ ಅವರ ಹೆಸರಿಟ್ಟು 1910ರಲ್ಲಿ ತಮ್ಮ ಪುಸ್ತಕದಲ್ಲಿ ಬರೆದವರು ಕ್ರೆಪೆಲಿನ್ ಅವರೇ.

1904ರ ಆರಂಭದಲ್ಲಿ ಅವರು ಅಣ್ಣನೊಂದಿಗೆ ಇಂಡೋನೇಷ್ಯಾದ ಜಾವಾ ದ್ವೀಪಕ್ಕೆ ಹೋದರು. ತಾವು ಜರ್ಮನಿಯಲ್ಲಿ ವಿಂಗಡಿಸಿದ ಕಾಯಿಲೆಗಳು ಬೇರೆ ಹವೆ, ಬೇರೆ ಧರ್ಮ, ಬೇರೆ ಊಟದ ಜನರಲ್ಲೂ ಇವೆಯೇ ಎಂದು ನೋಡುವುದು ಉದ್ದೇಶ. ಈಗ ಬೊಗೋರ್ ಎನ್ನುವ ಬಾಯ್ಟೆನ್‌ಜೋರ್ಗ್ ಊರಿನ ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಿದರು. ಜಾವಾದವರು ಬಹುಪಾಲು ಮುಸ್ಲಿಮರು, ಮದ್ಯದಿಂದ ಹುಟ್ಟುವ ಮನೋರೋಗ ಸ್ಥಳೀಯರಲ್ಲಿ ಅವರಿಗೆ ಕಾಣಲಿಲ್ಲ. ಉನ್ಮಾದ ಖಿನ್ನತೆಯ ಕಾಯಿಲೆ ಅಲ್ಲೂ ಇತ್ತು. ಆದರೆ ಖಿನ್ನತೆ ಹಗುರವಾಗಿತ್ತು, ತಾನು ಪಾಪಿ ಎಂದು ಯುರೋಪಿನ ರೋಗಿಗಳು ಕೊರಗುವಂತೆ ಅಲ್ಲಿಯವರು ಕೊರಗುವುದು ಅಪರೂಪವಾಗಿತ್ತು. ಕಾಯಿಲೆ ಒಂದೇ ಆದರೂ ಅದು ತೊಡುವ ಬಟ್ಟೆ ನಾಡಿನಿಂದ ನಾಡಿಗೆ ಬೇರೆ ಎಂಬ ಅರಿವು ಇಲ್ಲಿಂದ ಶುರುವಾಯಿತು. ಆದರೆ ಆ ವ್ಯತ್ಯಾಸಕ್ಕೆ ಕಾರಣ ಹುಡುಕುವಾಗ ಅವರು ಆ ಕಾಲದ ಯುರೋಪಿನವರಂತೆ ಜನಾಂಗಗಳ ಮೇಲು ಕೀಳಿನ ಯೋಚನೆಗೂ ಜಾರಿದರು ಎಂಬುದನ್ನು ಮುಚ್ಚಿಡಬಾರದು.

ಈಗ ಮನೆತನದ ಪ್ರಶ್ನೆಗೆ ಬರೋಣ. ಹೈಡೆಲ್‌ಬರ್ಗ್‌ನಲ್ಲಿ ತಾವು ನೋಡಿದ ಉನ್ಮಾದ ಖಿನ್ನತೆಯ ರೋಗಿಗಳಲ್ಲಿ ಸುಮಾರು 80 ಪ್ರತಿಶತ ಜನರ ಕುಟುಂಬದಲ್ಲಿ ಅನುವಂಶೀಯ ದೋಷ ಕಂಡಿತು ಎಂದು ಕ್ರೆಪೆಲಿನ್ ಬರೆದರು. 80 ಎಂಬ ಸಂಖ್ಯೆ ಕೇಳಿದರೆ ಯಾರಿಗಾದರೂ ಭಯವಾಗುತ್ತದೆ. ಆದರೆ ಸಂಖ್ಯಾಶಾಸ್ತ್ರ ಓದುವವರು ಎರಡು ಪ್ರಶ್ನೆ ಕೇಳಬೇಕು. ದೋಷ ಎಂದರೆ ಯಾವುದು? ಆಗ ಬಂಧುಗಳಲ್ಲಿ ಯಾರಾದರೂ ಕುಡುಕರಿದ್ದರೂ, ವಿಚಿತ್ರ ಸ್ವಭಾವದವರಿದ್ದರೂ ಅದನ್ನು ದೋಷ ಎಂದೇ ಲೆಕ್ಕ ಹಿಡಿಯುವ ರೂಢಿಯಿತ್ತು. ಎರಡನೆಯದು, ಆರೋಗ್ಯವಂತರ ಕುಟುಂಬಗಳನ್ನು ಇಷ್ಟೇ ಕೆದಕಿದರೆ ಎಷ್ಟು ಸಿಗುತ್ತದೆ? ತಾಳೆ ನೋಡಲು ಇನ್ನೊಂದು ಕಾಲಂ ಇಲ್ಲದಿದ್ದರೆ 80ರ ಅರ್ಥ ತಿಳಿಯುವುದಿಲ್ಲ. ಇನ್ನೂ ಒಂದು ವಿಷಯವಿದೆ. ರೋಗಿಗಳಲ್ಲಿ 80 ಜನರಿಗೆ ರೋಗದ ಬಂಧು ಇದ್ದಾರೆ ಎನ್ನುವುದಕ್ಕೂ, ರೋಗಿಯ ಬಂಧುಗಳಲ್ಲಿ 80 ಜನರಿಗೆ ರೋಗ ಬರುತ್ತದೆ ಎನ್ನುವುದಕ್ಕೂ ಆಕಾಶ ಭೂಮಿಯ ಅಂತರವಿದೆ. ಜನರ ಕಿವಿಗೆ ಬೀಳುವುದು ಮಾತ್ರ ಎರಡನೆಯದು.

ಈ ಪ್ರಶ್ನೆಗಳಿಗೆ ಒಬ್ಬ ವೈದ್ಯರ ಕಾರ್ಡುಗಳು ಸಾಲವು ಎಂದು ಕ್ರೆಪೆಲಿನ್ ತಿಳಿದಿದ್ದರು. ಮೊದಲ ಮಹಾಯುದ್ಧ ನಡೆಯುತ್ತಿರುವಾಗಲೇ, 1917ರಲ್ಲಿ, ಮ್ಯೂನಿಕ್‌ನಲ್ಲಿ ಮನೋರೋಗಗಳ ಸಂಶೋಧನೆಗೆಂದೇ ಒಂದು ಸಂಸ್ಥೆ ಕಟ್ಟಿದರು. ಅದಕ್ಕೆ ದೊಡ್ಡ ದಾನ ಕೊಟ್ಟವರು ಜೇಮ್ಸ್ ಲೋಬ್, ಅಮೆರಿಕದ ಬ್ಯಾಂಕ್ ಕುಟುಂಬದ ಯಹೂದಿ, ತಾವೇ ಮನಸ್ಸಿನ ಕಾಯಿಲೆಯಿಂದ ನರಳಿ ಕ್ರೆಪೆಲಿನ್ ಅವರ ಚಿಕಿತ್ಸೆ ಪಡೆದವರು. ಸಂಸ್ಥೆಯ ಒಂದು ವಿಭಾಗ ವಂಶಾವಳಿಗಳ ಅಧ್ಯಯನಕ್ಕೆ ಮೀಸಲಾಯಿತು. ಅದರ ಮುಖ್ಯಸ್ಥರಾಗಿ ಕ್ರೆಪೆಲಿನ್ ಆರಿಸಿದ್ದು ತಮ್ಮ ಶಿಷ್ಯ ಎರ್ನ್‌ಸ್ಟ್ ರೂಡಿನ್ ಅವರನ್ನು.

ಕ್ರೆಪೆಲಿನ್ ತಮ್ಮ ಪುಸ್ತಕದ ಒಂಬತ್ತನೆಯ ಆವೃತ್ತಿಯ ಕೆಲಸದಲ್ಲಿದ್ದಾಗ 1926ರ ಅಕ್ಟೋಬರ್ 7ರಂದು ಮ್ಯೂನಿಕ್‌ನಲ್ಲಿ ತೀರಿಕೊಂಡರು. ಆಗ ಅವರಿಗೆ 70 ವರ್ಷ. ಅವರ ಬದುಕು ಅಲ್ಲಿಗೆ ಮುಗಿದರೂ ಅವರ ಕೆಲಸದ ಕಥೆ ಮುಗಿಯಲಿಲ್ಲ.

ರೂಡಿನ್ 1922ರಿಂದ 1925ರವರೆಗೆ ಉನ್ಮಾದ ಖಿನ್ನತೆಯ ರೋಗಿಗಳ ಕುಟುಂಬಗಳನ್ನು ಎಣಿಸಿದ್ದರು. ಬಟಾಣಿ ಗಿಡಗಳಲ್ಲಿ ಮೆಂಡೆಲ್ ಕಂಡ ಲೆಕ್ಕದಂತೆ ಈ ಕಾಯಿಲೆಯೂ ತಂದೆ ತಾಯಿಯಿಂದ ಮಕ್ಕಳಿಗೆ ಸರಳ ಪ್ರಮಾಣದಲ್ಲಿ ಇಳಿಯುತ್ತದೆ ಎಂದು ತೋರಿಸುವ ಆಸೆ ಅವರಿಗಿತ್ತು. ಎಣಿಕೆ ಹಾಗೆ ಬರಲಿಲ್ಲ. ಸಿಕ್ಕ ಅಂಕಿಗಳು ಅವರ ನಂಬಿಕೆಗೆ ಹೊಂದಲಿಲ್ಲ. ಅವರು ಆ ಅಧ್ಯಯನವನ್ನು ಪ್ರಕಟಿಸಲೇ ಇಲ್ಲ. ಹಸ್ತಪ್ರತಿ ಹಾಗೇ ಉಳಿಯಿತು, ಇತಿಹಾಸಕಾರರು ಅದನ್ನು ಬೆಳಕಿಗೆ ತಂದದ್ದು ನಮ್ಮ ಕಾಲದಲ್ಲಿ, 2015ರಲ್ಲಿ.

ಲೆಕ್ಕ ಅಡಗಿಸಿಟ್ಟವರೇ ತೀರ್ಪು ಬರೆಯಲು ಕೂತರು. ಹಿಟ್ಲರ್ ಸರ್ಕಾರ 1933ರ ಜುಲೈ 14ರಂದು ಒಂದು ಕಾನೂನು ಮಾಡಿತು. ಅನುವಂಶೀಯ ಕಾಯಿಲೆ ಇದೆ ಎಂದು ಹೇಳಲಾದವರಿಗೆ ಬಲವಂತವಾಗಿ ಮಕ್ಕಳಾಗದಂತೆ ಶಸ್ತ್ರಚಿಕಿತ್ಸೆ ಮಾಡುವ ಕಾನೂನು ಅದು. ಉನ್ಮಾದ ಖಿನ್ನತೆಯ ಕಾಯಿಲೆಯ ಹೆಸರು ಆ ಪಟ್ಟಿಯಲ್ಲಿತ್ತು. ಕಾನೂನಿಗೆ ಅಧಿಕೃತ ವಿವರಣೆ ಬರೆದ ಮೂವರಲ್ಲಿ ರೂಡಿನ್ ಒಬ್ಬರು. ಸುಮಾರು 4 ಲಕ್ಷ ಜನರಿಗೆ ಆ ಶಸ್ತ್ರಚಿಕಿತ್ಸೆ ಆಯಿತು ಎಂದು ಅಂದಾಜು. 1940 ಮತ್ತು 1941ರಲ್ಲಿ 70,000ಕ್ಕೂ ಹೆಚ್ಚು ರೋಗಿಗಳನ್ನು ಆಸ್ಪತ್ರೆಗಳಿಂದ ಒಯ್ದು ಅನಿಲದಿಂದ ಕೊಂದರು. ಕೊಲ್ಲಬೇಕಾದವರನ್ನು ಆರಿಸಿದ್ದು ಆಸ್ಪತ್ರೆಗಳು ಭರ್ತಿ ಮಾಡಿ ಕಳಿಸಿದ ಫಾರಂಗಳನ್ನು ನೋಡಿ.

ಇದರಲ್ಲಿ ಕ್ರೆಪೆಲಿನ್ ಅವರ ಪಾಲೆಷ್ಟು? ಅವರು ಇದಕ್ಕೆ ಮೊದಲೇ ತೀರಿಕೊಂಡಿದ್ದರು, ಕೊಲ್ಲಲು ಹೇಳಿದವರಲ್ಲ. ಆದರೆ ಜನಾಂಗದ ರಕ್ತ ಕೆಡುತ್ತಿದೆ ಎಂಬ ಆತಂಕವನ್ನು 1908ರಲ್ಲೇ ಬರೆದಿದ್ದರು. ರೂಡಿನ್ ಕೈಗೆ ವಿಭಾಗವನ್ನು ಒಪ್ಪಿಸಿದವರೂ ಅವರೇ. ಕಾಯಿಲೆಯ ವಿಷಯದಲ್ಲಿ ವರ್ಷಗಟ್ಟಲೆ ಕಾಯ್ದು ಮಾತಾಡಿದ ಮನುಷ್ಯ, ಕುಟುಂಬ ಮತ್ತು ಜನಾಂಗದ ವಿಷಯ ಬಂದಾಗ ಲೆಕ್ಕ ಮುಗಿಯುವ ಮೊದಲೇ ಮಾತಾಡಿದರು. ಅವರ ಬದುಕಿನಿಂದ ನಾನು ಮುಖ್ಯವಾಗಿ ಕಲಿತದ್ದು ಇದನ್ನೇ.

ಕ್ರೆಪೆಲಿನ್ ಬೆಳೆಸಿದ ಹೈಡೆಲ್‌ಬರ್ಗ್ ಆಸ್ಪತ್ರೆಯಿಂದ ಒಂದು ದಾರಿ ನಮ್ಮ ರಾಜ್ಯಕ್ಕೂ ಬಂದಿದೆ. ಅವರ ನಂತರದ ತಲೆಮಾರಿನಲ್ಲಿ ಅಲ್ಲಿ ವೈದ್ಯರಾಗಿದ್ದ ವಿಲ್ಲಿ ಮೇಯರ್ ಗ್ರಾಸ್ ಯಹೂದಿ. 1933ರಲ್ಲಿ ದೇಶ ಬಿಟ್ಟು ಇಂಗ್ಲೆಂಡ್ ಸೇರಬೇಕಾಯಿತು. 1950ರ ದಶಕದಲ್ಲಿ ಅವರು ಬೆಂಗಳೂರಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಗೆ ಬಂದು ಕೆಲಸ ಮಾಡಿದರು. ಮೈಸೂರು ಸಂಸ್ಥಾನದ ಮಾನಸಿಕ ಆಸ್ಪತ್ರೆಯ ಜೊತೆಯಲ್ಲಿ 1954ರಲ್ಲಿ ಶುರುವಾದ ಆ ಸಂಸ್ಥೆಯ ಮೊದಲ ನಿರ್ದೇಶಕರು ಡಾ. ಎಂ. ವಿ. ಗೋವಿಂದಸ್ವಾಮಿ. ಎರಡೂ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆಯಿತು.

ಈ ನಡುವೆ ಕಾಯಿಲೆಗೆ ಔಷಧಿಯೂ ಬಂತು. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಉನ್ಮಾದಕ್ಕೆ ಲಿಥಿಯಂ ಎಂಬ ಸಾಧಾರಣ ಲವಣ ಕೆಲಸ ಮಾಡುತ್ತದೆ ಎಂದು ತೋರಿಸಿದರು. ಆಗಾಗ ರಕ್ತ ಪರೀಕ್ಷೆ ಮಾಡಿಸಿಕೊಂಡು ಅದನ್ನು ತೆಗೆದುಕೊಳ್ಳುವ ಎಷ್ಟೋ ಜನ ಇಂದು ಕೆಲಸ, ಸಂಸಾರ ಎರಡನ್ನೂ ನಡೆಸುತ್ತಿದ್ದಾರೆ. 1966ರಲ್ಲಿ ಆಂಗ್ಸ್ಟ್ ಮತ್ತು ಪೆರಿಸ್ ಎಂಬ ಇಬ್ಬರು ಕುಟುಂಬಗಳನ್ನೇ ಅಧ್ಯಯನ ಮಾಡಿ, ಖಿನ್ನತೆ ಮಾತ್ರ ಬರುವವರು ಬೇರೆ, ಎರಡೂ ಬರುವವರು ಬೇರೆ ಎಂದು ತೋರಿಸಿದರು. ಹಾಗೆ ಬೈಪೋಲಾರ್ ಬೇರೆಯಾಗಿ ನಿಂತಿತು.

ಅನುವಂಶೀಯತೆಯ ಲೆಕ್ಕ ಈಗ ಎಲ್ಲಿಗೆ ಬಂದಿದೆ? ಕಾಯಿಲೆ ಕುಟುಂಬಗಳಲ್ಲಿ ಹರಿಯುತ್ತದೆ ಎಂಬ ಕ್ರೆಪೆಲಿನ್ ಅವರ ಮಾತು ನಿಜ. ಆದರೆ ಅದಕ್ಕೆ ಒಂದೇ ಜೀನ್ ಕಾರಣವಲ್ಲ. 2021ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ 41,917 ರೋಗಿಗಳನ್ನು ಲಕ್ಷಾಂತರ ಆರೋಗ್ಯವಂತರ ಜೊತೆ ಹೋಲಿಸಿ, ವಂಶವಾಹಿಗಳಲ್ಲಿ 64 ಜಾಗಗಳನ್ನು ಗುರುತಿಸಿತು. ಒಂದೊಂದರ ಪಾಲೂ ಬಹಳ ಸಣ್ಣದು. ಅಂಥ ಸಣ್ಣ ಪಾಲುಗಳು ನಮ್ಮೆಲ್ಲರಲ್ಲೂ ಅಷ್ಟಿಷ್ಟು ಇವೆ. ತಂದೆ ಅಥವಾ ತಾಯಿಗೆ ಈ ಕಾಯಿಲೆ ಇದ್ದರೆ ಮಗುವಿಗೆ ಬರುವ ಸಂಭವ ಉಳಿದವರಿಗಿಂತ ಹೆಚ್ಚು, ಸ್ಥೂಲವಾಗಿ ಹತ್ತರಲ್ಲಿ ಒಂದು ಪಾಲು ಎನ್ನುತ್ತಾರೆ. ಅಂದರೆ ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ಬರುವುದಿಲ್ಲ. ಚಿಕ್ಕಪ್ಪ, ಸೋದರಮಾವನಿಗೆ ಇದ್ದರೆ ಸಂಭವ ಇನ್ನೂ ಕಡಿಮೆ.

ನಮ್ಮ ಊರುಗಳಲ್ಲಿ ಈ ಲೆಕ್ಕವನ್ನು ಯಾರೂ ಮಾಡುವುದಿಲ್ಲ. ನನಗೆ ತಿಳಿದ ಒಂದು ಮನೆಯಲ್ಲಿ ಹುಡುಗಿಯ ಚಿಕ್ಕಪ್ಪನ ಕಾಯಿಲೆಯ ಸುದ್ದಿ ತಿಳಿದು ಬಂದಿದ್ದ ರಿಶ್ತಾ ನಿಂತುಹೋಯಿತು. ಖಾನ್‌ದಾನ್‌ನಲ್ಲಿ ಇದೆಯಂತೆ ಎಂಬ ಒಂದು ಮಾತು ಸಾಕಾಯಿತು. ಯಾವ ಜಾತಿ, ಯಾವ ಧರ್ಮವಾದರೂ ಮದುವೆಯ ಮಾತುಕತೆಯಲ್ಲಿ ಈ ಪಿಸುಮಾತು ಇದ್ದೇ ಇದೆ. ಅದಕ್ಕೆ ಹೆದರಿ ಮನೆಯವರು ಕಾಯಿಲೆಯನ್ನೇ ಬಚ್ಚಿಡುತ್ತಾರೆ. ಮಾತ್ರೆಯ ಚೀಟಿ ಹರಿದು ಹಾಕುತ್ತಾರೆ. ಹತ್ತಿರದ ವೈದ್ಯರನ್ನು ಬಿಟ್ಟು ಯಾರೂ ಗುರುತಿಸದ ದೂರದ ಊರಿಗೆ ಹೋಗುತ್ತಾರೆ, ಅಥವಾ ಹೋಗುವುದನ್ನೇ ಬಿಡುತ್ತಾರೆ. ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಬೈಪೋಲಾರ್ ಇರುವವರಲ್ಲಿ ಸುಮಾರು 70 ಪ್ರತಿಶತ ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ಇನ್ನೊಂದು ನಷ್ಟವೂ ಇದೆ. ಖಿನ್ನತೆ ಎಂದು ಬಂದ ಹದಿನೇಳು ಹದಿನೆಂಟರ ಹುಡುಗನನ್ನು ನೋಡುವ ವೈದ್ಯರು, ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಾಗಿತ್ತೇ ಎಂದು ಕೇಳುತ್ತಾರೆ. ಅದು ಬೈಪೋಲಾರ್‌ನ ಖಿನ್ನತೆಯಾಗಿದ್ದರೆ, ಬರೀ ಖಿನ್ನತೆಯ ಮಾತ್ರೆ ಕೊಟ್ಟಾಗ ಕೆಲವರಲ್ಲಿ ಉನ್ಮಾದ ಕೆರಳುತ್ತದೆ. ಅದಕ್ಕೇ ಆ ಪ್ರಶ್ನೆ. ಸಂಬಂಧ ನೋಡಲು ಬಂದವರ ಮುಂದೆ ಇಲ್ಲ ಎಂದು ಹೇಳಿ ಅಭ್ಯಾಸವಾದವರು ವೈದ್ಯರ ಮುಂದೆಯೂ ಇಲ್ಲ ಎಂದುಬಿಡುತ್ತಾರೆ. ಸಾಲವನ್ನು ಲೆಕ್ಕದಲ್ಲಿ ತೋರಿಸದಿದ್ದರೆ ಸಾಲ ತೀರುವುದಿಲ್ಲ, ಬಡ್ಡಿ ಬೆಳೆಯುತ್ತದೆ.

ಬೆಂಗಳೂರಿನಲ್ಲಿ ಈಗ ನಿಮ್ಹಾನ್ಸ್, ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರವಾದ ಎನ್‌ಸಿಬಿಎಸ್ ಮತ್ತು ಇನ್‌ಸ್ಟೆಮ್ ಸಂಸ್ಥೆಗಳು ಸೇರಿ, ಒಬ್ಬರಿಗಿಂತ ಹೆಚ್ಚು ಜನರಿಗೆ ದೊಡ್ಡ ಮನೋರೋಗ ಇರುವ ಕುಟುಂಬಗಳನ್ನು ಅಧ್ಯಯನ ಮಾಡುತ್ತಿವೆ. ಬೈಪೋಲಾರ್ ಅದರಲ್ಲಿ ಒಂದು. ಒಪ್ಪಿಗೆ ಕೊಟ್ಟವರ ರಕ್ತ ತೆಗೆದುಕೊಂಡು, ಅದರ ಜೀವಕೋಶಗಳಿಂದ ಪ್ರಯೋಗಾಲಯದಲ್ಲಿ ನರಕೋಶಗಳನ್ನು ಬೆಳೆಸಿ ನೋಡುತ್ತಾರೆ. ಅದೇ ಮನೆಯ ಆರೋಗ್ಯವಂತರನ್ನೂ ಹೋಲಿಕೆಗೆ ತೆಗೆದುಕೊಳ್ಳುತ್ತಾರೆ. ಆ ಮನೆಯವರನ್ನು ವರ್ಷಗಳ ಕಾಲ ಮತ್ತೆ ಮತ್ತೆ ಭೇಟಿ ಮಾಡುತ್ತಾರೆ. ಕ್ರೆಪೆಲಿನ್ ಅವರ ಕಾರ್ಡಿನ ಕೆಲಸವೇ ಇದು, ಆದರೆ ಅವರ ಲೆಕ್ಕದಲ್ಲಿ ಇಲ್ಲದಿದ್ದ ಎರಡನೆಯ ಕಾಲಂ ಇದರಲ್ಲಿದೆ, ಮನೆಯವರ ಒಪ್ಪಿಗೆಯೂ ಇದೆ.

ಮನೆಯಲ್ಲಿ, ಹಾಸ್ಟೆಲಿನಲ್ಲಿ ಯಾರಿಗಾದರೂ ಇಂಥ ತೊಂದರೆ ಕಂಡರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯೇ ಎಂದು ವೈದ್ಯರು ಕೇಳಿದರೆ, ಇರುವುದನ್ನು ಇದ್ದಂತೆ ಹೇಳಿ.